ಇಪ್ಪತ್ತೈದರ ಕಟ್ಟು

ಅಮ್ಮ ಎಣಿಸುತ್ತಿರಲಿಲ್ಲ.
ತಡ್ಪೆಯಿಂದ ಒಂದು ಹಿಡಿ ಎತ್ತಿ
ನೆಲಕ್ಕೆ ಟಕ್ ಎಂದು ತಟ್ಟಿ, ತಲೆ ಸಮ ಮಾಡಿ
ನೂಲು ಎರಡು ಸುತ್ತು ಸುತ್ತಿದರೆ
ಒಳಗೆ ಇರ್ವತ್ತೈನ್.
ಶಾಲೆಗೆ ಸೇರಿದ ಮೇಲೆ ನಾನದನ್ನು ಇಪ್ಪತ್ತೈದು ಎಂದೆ.
ನಂಬದೆ ಎಷ್ಟೋ ಸಲ ನೂಲು ಬಿಚ್ಚಿ ನೋಡಿ
ಬೈಸಿಕೊಂಡಿದ್ದೇನೆ.

ಬಜಪೆಯ ಗುಡ್ಡಕ್ಕೆ ವಿಮಾನ ಇಳಿಯುವಾಗ
ನಮ್ಮ ಜಗಲಿಯ ಹಂಚು ಒಮ್ಮೆ ನಡುಗುತ್ತಿತ್ತು.
ಅಮ್ಮ, ಐಸಮ್ಮ, ಲೀಸಾ ಬಾಯಿ,
ಮೂವರ ಮಡಿಲಲ್ಲೂ ತಡ್ಪೆ, ಒದ್ದೆ ಎಲೆ, ಕತ್ತರಿ;
ಮಾತು ಮೂರು ಭಾಷೆಯಲ್ಲಿ, ಲೆಕ್ಕ ಒಂದರಲ್ಲಿ:
ನಾಲ್ಕು ಕಟ್ಟಿಗೆ ನೂರು, ನಲವತ್ತಕ್ಕೆ ಸಾವಿರ.
ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು
ಮೂವತ್ತಾರು ಕಟ್ಟು ಎಂದೊಡನೆ ಒಂಬೈನೂರು ಎನ್ನುತ್ತಿದ್ದಳು,
ಬ್ರಾಂಚಿನ ದೂಮಪ್ಪಣ್ಣ
ಕ್ಯಾಲ್ಕುಲೇಟರಿನ ಹೊಗೆಸೊಪ್ಪಿನ ಧೂಳು ಒರೆಸುವಷ್ಟರಲ್ಲಿ.
ನಾಲ್ಕರಿಂದ ಭಾಗಿಸು, ಎರಡು ಸೊನ್ನೆ ಹಚ್ಚು:
ಹೈಸ್ಕೂಲಿನಲ್ಲಿ ಇದಕ್ಕೆ ಸುಲಭೋಪಾಯ ಎಂದು ಹೆಸರು.
ಅಮ್ಮ ಅದರಲ್ಲಿ ಸಂಜೆಯ ಅಕ್ಕಿ ಅಳೆಯುತ್ತಿದ್ದಳು.

ಜ್ವರ ಬಂದು ಶಾಲೆ ತಪ್ಪಿದ ಒಂದು ದಿನ
ಒಂದು ಕಟ್ಟು ಬಿಚ್ಚಿ
ಸೆಗಣಿ ಸಾರಿಸಿದ ನೆಲದಲ್ಲಿ ಜೋಡಿಸಿದೆ.
ಮೂಲೆಯಲ್ಲಿ ಒಂದು ಬೀಡಿ.
ಅದಕ್ಕೆ ಒರಗಿ ಮೂರು, ಮಡಚಿದ ಮೊಣಕೈಯಂತೆ.
ಅದರಾಚೆ ಐದು. ಅದರಾಚೆ ಏಳು.
ಒಂಬತ್ತು ಇಡುವಾಗ ಕೈ ಖಾಲಿ,
ನೆಲದ ಮೇಲೆ ಐದೈದರ ಚೌಕ.
ಬೆಸಸಂಖ್ಯೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು.

ಗುಂಡಗಿನ ಕಟ್ಟಿನೊಳಗೆ ಇಷ್ಟು ದಿನ
ಈ ಚೌಕ ಎಲ್ಲಿ ಮಂಡಿ ಮಡಚಿ ಕೂತಿತ್ತು?

ಅದನ್ನೇ ಒಡೆದು ಎರಡು ಚೌಕ ಮಾಡಿದೆ,
ಮೂರರದೊಂದು, ನಾಲ್ಕರದೊಂದು.
ಒಂದೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ.
ಹದಿನಾರಕ್ಕೆ ಇದು ಬಾರದ ವಿದ್ಯೆ,
ಮೂವತ್ತಾರಕ್ಕೂ ಬಾರದು.

ಕೊರಗಪ್ಪ ಮಾವ ಕೆಂಪುಕಲ್ಲಿನ ಮೇಸ್ತ್ರಿ.
ನಮ್ಮ ಬಚ್ಚಲಿಗೆ ಪಾಯ ಹಾಕುವಾಗ
ಈ ಬದಿಗೆ ಮೂರಡಿ, ಆ ಬದಿಗೆ ನಾಲ್ಕಡಿ ಗುರುತು ಮಾಡಿ
ನಡುವೆ ಹಗ್ಗ ಎಳೆದ. ಐದಡಿ ಬಂದರೆ ಮೂಲೆ ಸರಿ.
"ಇಲ್ಲದಿದ್ದರೆ ಬಾಗಿಲು ಇಡಲಿಕ್ಕೆ ಬರುವ ಆಚಾರಿ
ನನ್ನ ಮರ್ಯಾದೆ ತೆಗೆಯುತ್ತಾನೆ."
ಒಂಬತ್ತೂ ಹದಿನಾರೂ ಸೇರಿ ಇಪ್ಪತ್ತೈದು, ಮಾವ, ಎಂದೆ.
ಹೌದಾ ಅಂದ. ಕರಣೆ ತೊಳೆದ.

ಆಗ ನಾಲ್ಕಾಣೆಯೂ ಇತ್ತು,
ಘೇಂಡಾಮೃಗ ಹೊತ್ತ ಸಣ್ಣ ನಾಣ್ಯ.
ಮೊದಲು ಬಸ್ಸಿನ ಕಂಡಕ್ಟರ್ ಬೇಡವೆಂದ,
ಆಮೇಲೆ ಸರ್ಕಾರವೂ ಬೇಡವೆಂದಿತು.
ಐಸಮ್ಮನ ಡಬ್ಬಿಯಲ್ಲಿ ಇನ್ನೂ
ಹದಿನೇಳು ಘೇಂಡಾಮೃಗ ಮೇಯುತ್ತಿವೆ.

ಈಗ ನಾನು ಕಿನ್ನಿಗೋಳಿಯಲ್ಲಿ ಎಂಟನೆಯ ಕ್ಲಾಸಿಗೆ ಗಣಿತ.
ಮೊನ್ನೆ ಬೋರ್ಡಿನಲ್ಲಿ ಬರೆದೆ:
ಇಪ್ಪತ್ತೈದನ್ನು ಅದರಿಂದಲೇ ಗುಣಿಸಿದರೆ
ಆರುನೂರ ಇಪ್ಪತ್ತೈದು;
ಮತ್ತೊಮ್ಮೆ ಗುಣಿಸಿದರೆ
ಹದಿನೈದು ಸಾವಿರದ ಆರುನೂರ ಇಪ್ಪತ್ತೈದು.
ಮೈ ಎಷ್ಟು ಬೆಳೆದರೂ ಬಾಲ ಅದೇ.
ಮಕ್ಕಳು ಬಾಲ ಹಿಡಿದು ಓಡಿದರು,
ಗಂಟೆ ಹೊಡೆದರೂ ನಿಲ್ಲಲಿಲ್ಲ.

ಮನೆಗೆ ಬಂದು ಅಮ್ಮನಿಗೂ ಹೇಳಿದೆ.
ಎಲೆಯ ಅಂಚು ಕತ್ತರಿಸುತ್ತ ಕೇಳಿಸಿಕೊಂಡಳು.
"ಅಂದರೆ, ತನ್ನಷ್ಟಕ್ಕೆ ತಾನು ಎಷ್ಟು ದುಡಿದರೂ
ಕೊನೆಗೆ ಉಳಿಯುವುದು ಇರ್ವತ್ತೈನೇ.
ಇದಕ್ಕೆ ಬಿ.ಎಡ್. ಬೇಕಾಯಿತಾ?"

ಬ್ರಾಂಚಿನಲ್ಲಿ ಈಗ ವಾರಕ್ಕೆ ಎರಡೇ ದಿನ ಎಲೆ.
ಲೀಸಾ ಬಾಯಿ ಹೋಗಿ ಮೂರು ಮಳೆಗಾಲ.
ಅಮ್ಮನ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ.
ನಿನ್ನೆ ಅವಳು ಮುಖ ತೊಳೆಯಲು ಹೋದಾಗ
ಹಳೆಯ ಚಾಳಿ, ಒಂದು ಕಟ್ಟು ಬಿಚ್ಚಿ ಎಣಿಸಿದೆ.
ಇಪ್ಪತ್ತನಾಲ್ಕು.
ಇನ್ನೊಂದು ಬಿಚ್ಚಿದೆ.
ಇಪ್ಪತ್ತನಾಲ್ಕು.

ತಡ್ಪೆಯಿಂದ ಒಂದೊಂದು ಹೆಕ್ಕಿ ಸೇರಿಸಿ
ತಲೆ ಸಮವಾಗಲೆಂದು ನೆಲಕ್ಕೆ ತಟ್ಟಿದೆ.
ಬಚ್ಚಲಿನಿಂದ ಅಮ್ಮ ಕೂಗಿದಳು:
"ಯಾರದು? ಆ ಟಕ್ ನನ್ನದಲ್ಲ."