ಏಳನೇ ನಂಬರ್ ಬಸ್ಸು

ಈಸಾ ಟೌನಿನ ಈ ಶಾಲೆಯಲ್ಲಿ ನನ್ನದು ಜೆರಾಕ್ಸ್ ಕೋಣೆ.
ಹನ್ನೊಂದು ವರ್ಷದಿಂದ ಎಲ್ಲ ಪ್ರಶ್ನೆಪತ್ರಿಕೆಯನ್ನೂ ನಾನೇ ಮೊದಲು ನೋಡುವುದು,
ಒಂದಕ್ಕೂ ಉತ್ತರ ಬರೆದವಳಲ್ಲ.
ಮಕ್ಕಳಿಗೆ ಸೆವ್ರಿನ್ ಆಂಟಿ. ಮೆಷಿನ್ನಿಗೆ ಬರೀ ಎರಡು ಕೈ.

ಸ್ಪ್ಯಾನಿಷ್ ಕಲಿಸಲು ಬಂದ ಯೆಸೇನಿಯಾ
ಊರು ಕೇಳಿದರೆ ಹೊಂಡುರಾಸ್ ಅಂದಳು.
ಹೆಸರಲ್ಲೇ ಹೊಂಡವಿದೆಯಲ್ಲ ಮಾರಾಯ್ತಿ, ಎಂದು ನಕ್ಕೆ,
ಹೊಂಡವೆಂದರೇನೆಂದು ಗಾಳಿಯಲ್ಲಿ ಅಗೆದು ತೋರಿಸಿದೆ.
ಅವಳೂ ನಕ್ಕಳು. ನಮ್ಮಲ್ಲೂ ಅದೇ,
ಆಳ ಅಂತ ಅರ್ಥ.

ರಂಜಾನ್ ಬಂತು. ಶಾಲೆಯ ಇಫ್ತಾರ್ ದಿನ
ಅಂಗಳದಲ್ಲಿ ಚಾಪೆ, ಖರ್ಜೂರ, ಮಜ್ಜಿಗೆ, ಹರೀಸ್.
ಸೂರ್ಯ ಮುಳುಗಿದ. ರಿಫಾ ಕೋಟೆಯ ಕಡೆಯಿಂದ ತೋಪು ಹಾರಿತು.
ಧಡಂ.
ಇಲ್ಲಿ ಆ ಸದ್ದಿಗೆ ಒಂದೇ ಅರ್ಥ: ಉಣ್ಣಿ.
ಮುನ್ನೂರು ಕೈ ಖರ್ಜೂರಕ್ಕೆ ಹೋದವು.
ಯೆಸೇನಿಯಾ ಎಲ್ಲಿ?
ನೀರಿನ ಮೇಜಿನ ಕೆಳಗೆ, ಎರಡು ಮಕ್ಕಳನ್ನು
ಎದೆಯಡಿ ಎಳೆದುಕೊಂಡು, ಮುಖ ನೆಲಕ್ಕೆ.
ಆಟವೆಂದುಕೊಂಡ ಮಕ್ಕಳು ಕಿಲಕಿಲ ನಗುತ್ತಿದ್ದವು.
ನಾನು ಬಗ್ಗಿ ಖರ್ಜೂರ ಕೊಟ್ಟೆ. ಬೇರೇನು ಕೊಡಲಿ?

ಎರಡು ವಾರ ಬಿಟ್ಟು ಐದು ಫೋಟೋ ತಂದಳು.
ಕ್ಲಾಸಿನಲ್ಲಿ ತೋರಿಸಿಯಾಯಿತು, ಇನ್ನು ಗೋಡೆಗೆ. ಲ್ಯಾಮಿನೇಟ್ ಮಾಡಿಕೊಡು.
ನೀಲಿ ಏಪ್ರನ್ನಿನವಳು ಬೆಳಗಿನ ನಾಲ್ಕಕ್ಕೆ ಜೋಳದ ಹಿಟ್ಟು ನಾದುತ್ತ
ಬೀದಿಯ ಹುಡುಗಿಯರಿಗೆ ಮಗ್ಗಿ ಹೇಳಿಸುವವಳು.
ಹೆರಿಗೆ ವಾರ್ಡಿನ ನರ್ಸ್ ಮಿರ್ತಾ.
ರಾತ್ರಿಶಾಲೆಯ ಎವೆರಾರ್ದೊ ಮೇಷ್ಟ್ರು, ಕನ್ನಡಕದ ಒಂದು ಕಾಲಿಗೆ ದಾರ.
ಇನ್ನೊಬ್ಬಳ ಹೆಸರು ಮರೆತೆ, ಕೊಳಲಿನಂಥದ್ದೇನೋ ಹಿಡಿದಿದ್ದಳು.
ಐದನೆಯವ ಓಸ್ಮಿನ್, ಏಳನೇ ನಂಬರ್ ಬಸ್ಸಿನ ಡ್ರೈವರ್,
ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಸ್ಟಿಯರಿಂಗಿಗೆ ಒರಗಿ ನಗುತ್ತಾನೆ.

ಏಳನೇ ಕ್ಲಾಸಿನ ಝಿಯಾದ್, ಭಟ್ಕಳದವರ ಹುಡುಗ, ಕೈ ಎತ್ತಿದನಂತೆ:
ಮಿಸ್, ನನ್ನ ಗೇಮಿನಲ್ಲಿ ಇಂಥ ಹೆಸರಿನವರ ಕೈಲೆಲ್ಲ ಗನ್ನೇ ಇರ್ತದೆ.
ಕ್ಲಾಸು ಗಪ್‌ಚಿಪ್.
ಗೊತ್ತು, ಎಂದಳಂತೆ. ಇವರ ಕೈಯಲ್ಲಿ ಏನಿದೆ, ಹತ್ತಿರ ಬಂದು ನೋಡು.

ನೋಡಿದ. ಆಮೇಲೆ ಕೇಳಿದ:
ಒಂದು ಗುಂಡಿಗೆ ಎಷ್ಟು, ಮಿಸ್?
ಅವರು ಕೇಳಿಕೊಂಡದ್ದು ಇಂಗ್ಲಿಷಿನಲ್ಲಿ.
ಕನ್ನಡದಲ್ಲಿ ಬರೆದ ಮೇಲೆ ನನಗೇ ಗೊತ್ತಾಗಲಿಲ್ಲ
ಬೆಲೆ ಕೇಳಿದ್ದು ಸೀಸದ್ದೋ, ಎದೆಯದ್ದೋ.

ಅವಳು ಬೋರ್ಡಿನ ಮೇಲೆ ಕೂಡುವ ಲೆಕ್ಕ ಹಾಕಿದಳು.
ಗುಂಡು: ಅರ್ಧ ದಿನಾರಿಗೂ ಕಡಿಮೆ.
ಹಫ್ತಾ ಕೊಡೆನೆಂದಿದ್ದ ಓಸ್ಮಿನ್. ಅವನಾದ ಮೇಲೆ
ಏಳನೇ ನಂಬರಿಗೆ ಡ್ರೈವರ್ ಸಿಗಲಿಲ್ಲ.
ಬಸ್ಸಿಲ್ಲದೆ ಮಿರ್ತಾ ರಾತ್ರಿಪಾಳಿ ಬಿಟ್ಟಳು,
ಆ ರಾತ್ರಿಗಳಲ್ಲಿ ಹುಟ್ಟಿದ ಕೂಸುಗಳನ್ನು ಯಾರು ಹಿಡಿದರೋ.
ರಾತ್ರಿಶಾಲೆ ಮೊದಲು ಸಂಜೆಶಾಲೆಯಾಯಿತು, ಆಮೇಲೆ ಬೀಗವಾಯಿತು.
ಸ್ಟಾಪಿನಲ್ಲಿ ಕಾಯುವವರಿಲ್ಲ, ನಾದಿದ ಹಿಟ್ಟು ಹುಳಿ ಬಂತು.
ಕಿಟಕಿಗಳಿಗೆ ಸರಳು. ಸರಳಿಗೆ ಸಾಲ.
ಓಸ್ಮಿನ್‌ನ ಮಗ ಮಾತು ಬಿಟ್ಟು ಆರು ವರ್ಷ,
ಅದನ್ನು ಯಾವ ನಾಣ್ಯದಲ್ಲಿ ಬರೆಯುವುದು?
ಬೋರ್ಡು ಮುಗಿಯಿತು.
ಕಿಟಕಿಯ ಗಾಜಿನ ಮೇಲೆ ಬರೆಯಲಾ, ಎಂದು ಝಿಯಾದ್ ಮಾರ್ಕರ್ ಕೇಳಿದ.

ಇದೆಲ್ಲ ನನಗೆ ಹೇಳಿದ್ದು ಅವನೇ,
ಆ ಲೆಕ್ಕದ ಮೂವತ್ತು ಪ್ರತಿ ಬೇಕೆಂದು ಬಂದಾಗ.
ಮೊತ್ತ ಬಿಟ್ಟುಹೋಗಿದೆಯಲ್ಲ ಮಗಾ, ಅಂದೆ.
ಇಲ್ಲ ಆಂಟಿ, ಹಾಗೇ ಇರಲಿ ಅಂದ್ರು ಮಿಸ್.

ಓಸ್ಮಿನ್ ನಿನಗೇನಾಗಬೇಕು ಎಂದು ನಾನು ಕೇಳಲಿಲ್ಲ.
ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಅಡ್ಡಹೆಸರಿತ್ತು, ಬರಾಓನಾ.
ಯೆಸೇನಿಯಾಳ ಐಡಿ ಕಾರ್ಡ್ ಮಾಡಿಕೊಟ್ಟವಳು ನಾನೇ.

ಮೆಷಿನ್ ಬಿಸಿಯಾಗಲು ನಾಲ್ಕು ನಿಮಿಷ.
ನಾಲ್ವರು ನುಣ್ಣಗೆ ಹೊರಬಂದರು.
ಐದನೆಯವನ ಅಂಗಿಯ ಗುಂಡಿಯ ಹತ್ತಿರ
ಪ್ಲಾಸ್ಟಿಕ್ಕಿನೊಳಗೊಂದು ಗಾಳಿಗುಳ್ಳೆ ನಿಂತಿತು.
ಸ್ಕೇಲಿನಿಂದ ಒತ್ತಿದೆ, ಮತ್ತೊಮ್ಮೆ ಬಿಸಿಗೆ ಕೊಟ್ಟೆ,
ಜಾರಿತೇ ಹೊರತು ಹೋಗಲಿಲ್ಲ.
ಇರಲಿ ಬಿಡು ಎಂದು ಹಾಗೇ ಒಯ್ದಳು.

ನಾಳೆ ಮತ್ತೆ ತೋಪು ಹಾರುತ್ತದೆ.
ಪರೀಕ್ಷೆಯ ಕಾಲ, ನಾನು ಹೇಗೂ ಕತ್ತಲಾಗುವವರೆಗೆ ಇಲ್ಲೇ.
ಆ ಹೊತ್ತಿಗೆ ನನ್ನ ಕೋಣೆಗೆ ಬಾ ಎಂದಿದ್ದೇನೆ.
ಮೂರೂ ಮೆಷಿನ್ ಒಟ್ಟಿಗೆ ಹಾಕುತ್ತೇನೆ.