ಗೋಲಾ, ಅಲ್ಲವಾ

ಮಾರಿಕುಪ್ಪಂನಲ್ಲಿ ರೈಲಿಳಿದು
ಸೈನೈಡ್ ದಿಬ್ಬದ ನೆರಳು ಹಿಡಿದು ನಡೆದರೆ
ಇವತ್ತಿಗೂ ಸಿಗುತ್ತದೆ ಗ್ರೌಂಡು.
ಗ್ರೌಂಡು ಅಂದರೆ
ಒಂದು ಗೋಲ್‌ಪೋಸ್ಟು,
ಅದರ ಅಡ್ಡಕಂಬಿಗೆ ಯಾರದೋ ಬೊಂತೆ, ಒಣಗಲಿಕ್ಕೆ.
ಇನ್ನೊಂದನ್ನು ಗುಜರಿಯವನು ಕೊಯ್ದುಕೊಂಡು ಹೋಗಿ ಎಷ್ಟೋ ಕಾಲವಾಯಿತು.

ಪಡುವಣಕ್ಕೆ ತಗಡಿನ ಗ್ಯಾಲರಿ.
ಮೂರು ಗಂಟೆಗೆ ಕೂತರೆ ತೊಡೆ ಬೇಯುತ್ತಿತ್ತು.
ಮುಂದೆ ಹಗ್ಗ ಕಟ್ಟಿ ಕಾದಿಟ್ಟ ನಾಲ್ಕು ಬೆತ್ತದ ಕುರ್ಚಿ,
ದೊರೆಗಳು ಹೋದ ಮೇಲೂ ಅದರಲ್ಲಿ ಕೂರಲು
ಯಾರಿಗೂ ಧೈರ್ಯ ಬರಲಿಲ್ಲ, ಒಂದು ನಾಯಿಯ ಹೊರತು.

ನಾನು ಟೈಮ್ ಆಫೀಸಿನ ಗುಮಾಸ್ತ,
ಬೇತಮಂಗಲದ ಕಡೆಯವನು.
ಬೈಯಲು ಕಲಿತದ್ದು ಆ ತಗಡಿನ ಮೇಲೆ, ಮೂರು ಭಾಷೆಯಲ್ಲಿ.
ರೆಫರಿ ಡೆಸ್ಮಂಡನಿಗೆ ಅರ್ಥವಾಗುತ್ತಿದ್ದದ್ದು ನಾಲ್ಕನೆಯದು,
ಅದು ನಮಗೆ ಬರುತ್ತಿರಲಿಲ್ಲ.

ಗೇಟಿನೆದುರೇ ರತ್ನವೇಲು ಬಾರು.
ಗೆದ್ದವರು ಮುಂಬಾಗಿಲಿಂದ, ಸೋತವರು ಹಿತ್ತಿಲಿಂದ,
ಒಳಗೆ ಇದ್ದದ್ದು ಒಂದೇ ಬೆಂಚು.
ಮುತ್ತುಗದೆಲೆಯಲ್ಲಿ ಬೋಟಿ, ಮೇಲೆ ಹಸಿ ಈರುಳ್ಳಿ.
ಸಂಬಳ ಕರಗಿದ ವಾರ ಎಲ್ಲರೂ
ಚೌಡಪ್ಪನ ಹೆಂಡದ ಪೆಂಟೆಗೆ, ಮಣ್ಣಿನ ಮೇಲೆ ಕುಕ್ಕರಗಾಲು,
ಮತ್ತೆ ಅದೇ ಆಟ, ಅದೇ ಫೌಲು.

ಆ ಶನಿವಾರ
ಏಳನೇ ಶಾಫ್ಟಿಗೂ ವರ್ಕ್‌ಶಾಪಿಗೂ ಫೈನಲ್.
ಒಂದಕ್ಕೊಂದು. ಇನ್ನು ಐದೇ ನಿಮಿಷ.
ಆರೋಕ್ಯಂ ಎಡಗಾಲಿನವನು, ಬರಿಗಾಲಿನವನು,
ಹೆಬ್ಬೆರಳಿಗೆ ಸೈಕಲ್ ಟ್ಯೂಬು ಸುತ್ತಿಕೊಂಡು ಆಡುವವನು,
ಒದ್ದ.
ಒದ್ದದ್ದೇ, ನೆಲ ನಡುಗಿತು.

ನಡುಕ ನಮಗೆ ಹೊಸದಲ್ಲ.
ತಟ್ಟೆಯಲ್ಲಿ ಸಾರು ಅಲುಗಿದರೆ
ಹೆಂಗಸರು ಒಲೆ ಬಿಟ್ಟು ಹೊರಬಂದು
ಯಾವ ಶಾಫ್ಟು, ಯಾವ ಶಾಫ್ಟು ಎಂದು ಬೀದಿಯನ್ನು ಕೇಳುವರು.
ಅವತ್ತು ತಗಡೆಲ್ಲ ಒಟ್ಟಿಗೆ ಹಲ್ಲು ಕಡಿಯಿತು.
ಗೋಲ್‌ಕೀಪರ್ ಜ್ಞಾನಪ್ರಕಾಶಂ ಚೆಂಡು ಬಿಟ್ಟು
ಹಿಂದೆ ತಿರುಗಿ ಶಾಫ್ಟಿನ ಚಕ್ರ ನೋಡಿದ.
ಅವನ ಬಲಕ್ಕೆ ಉರುಳಿತು ಚೆಂಡು, ನಿಧಾನ,
ಇನ್ನೂ ನಿಧಾನ,
ಸುಣ್ಣದ ಗೆರೆಯ ತನಕ.
ಅಷ್ಟರಲ್ಲಿ ಸೈರನ್.

ಗ್ಯಾಲರಿಗೆ ಗ್ಯಾಲರಿಯೇ ಓಡಿತು. ಆಟಗಾರರು ಚಡ್ಡಿಯಲ್ಲೇ.
ಡೆಸ್ಮಂಡ್ ಸೀಟಿ ಕಚ್ಚಿಕೊಂಡೇ ಓಡಿದ,
ಉಸಿರಿಗೊಂದು ಸಲ ಅದು ಪೀಕ್ ಎನ್ನುತ್ತಿತ್ತು.
ಯಾರೂ ನಿಲ್ಲಲಿಲ್ಲ.

ಬೆಳಗಿನ ಜಾವ ಕೊನೆಯ ಕೇಜು ಮೇಲೆ ಬಂತು.
ನನ್ನ ಬೋರ್ಡಿನಲ್ಲಿ ನಾಲ್ಕು ಮೊಳೆ ಖಾಲಿ.
ಒಂದು, ಆರೋಕ್ಯನ ಅಣ್ಣನ ಹಿತ್ತಾಳೆ ಬಿಲ್ಲೆಯದು.
ಮಧ್ಯಾಹ್ನ ನಾನೇ ಎತ್ತಿ ಅವನ ಕೈಗೆ ಕೊಟ್ಟಿದ್ದೆ,
ಮ್ಯಾಚ್ ನೋಡಲ್ವಾ ಎಂದು ಕೇಳಿದ್ದೆ.

ಆಮೇಲೆ ಇಪ್ಪತ್ತು ವರ್ಷ, ಆ ಬೆಂಚಿನಲ್ಲಿ ಒಂದೇ ಜಗಳ:
ಗೆರೆ ದಾಟಿತ್ತಾ?
ಸವರಿಮುತ್ತು ರಮ್ಮಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಗೆರೆ ಎಳೆದು
ಕಡಲೆಕಾಳು ಉರುಳಿಸುವನು. ದಾಟ್ತು ನೋಡು.
ನಾನು ಊದುವೆನು. ಎಲ್ಲಿ ದಾಟ್ತು?
ಒಂದು ಕ್ವಾರ್ಟರ್ ಪಂತ, ರತ್ನವೇಲು ಬಳಪದಲ್ಲಿ ಬರೆದಿಟ್ಟ.
ಆ ನಾಲ್ಕು ಹೆಸರು ಯಾರ ಬಾಯಲ್ಲೂ ಇಲ್ಲ.
ಆರೋಕ್ಯಂ ಮೂಲೆಯಲ್ಲಿ ಕೂತಿರುವನು, ತನ್ನ ಗ್ಲಾಸು, ತನ್ನ ಉಪ್ಪು.
ಒಮ್ಮೆ ಮಾತ್ರ ಹೇಳಿದ:
ನಾನು ನೋಡಲಿಲ್ಲಪ್ಪಾ.

ಗಣಿ ಮುಚ್ಚಿತು. ಬಾರು ಈಗ ಟೈಲ್ಸ್ ಅಂಗಡಿ.
ಸವರಿಮುತ್ತುವನ್ನು ಮಣ್ಣು ಮಾಡಿದ ಮಾರನೇ ದಿನ
ಇಲ್ಲಿಗೆ ಬಂದೆ,
ಪೋಸ್ಟಿನ ಬುಡದಿಂದ ಹೆಜ್ಜೆ ಹಾಕಿದೆ, ಹಿಮ್ಮಡಿಗೆ ಉಂಗುಟ ಕೂಡಿಸಿ.
ಬೊಂತೆ ತೆಗೆಯಲು ಬಂದ ಹೆಂಗಸು ನಿಂತು ನೋಡಿ ಕೇಳಿದಳು:
ಏನು ಅಳೀತಿದೀರ ಸಾರ್, ಸೈಟು ಬಿಡ್ತಾರಾ ಇಲ್ಲಿ?
ಇಲ್ಲಮ್ಮಾ ಎಂದೆ.
ಅವಳಿಗೆ ನಂಬಿಕೆ ಬರಲಿಲ್ಲ.
ನಮ್ಮ ಹೆಸರೂ ಬರ್ಕೊಳ್ಳಿ ಎಂದಳು.

ಕ್ವಾರ್ಟರು ಅವನೇ ಕೊಡಬೇಕಿತ್ತು.
ಇಲ್ಲಾ, ನಾನೇ.