ಎಸಳು ತಪ್ಪಿಸಿ

ಠಸ್ಸೆ ಒತ್ತುವುದಕ್ಕೂ ಒಂದು ಕೈಗುಣ ಬೇಕು.
ಹೊಸಬರು ಗುದ್ದುತ್ತಾರೆ, ಗೋಡೆಗೆ ಮೊಳೆ ಹೊಡೆದ ಹಾಗೆ.
ನಾನು ಮೂಲೆಗೆ ಮಾತ್ರ ತಾಗಿಸುತ್ತೇನೆ,
ತಾರೀಖಿನ ಕಪ್ಪು ಉಂಗುರ ಲಕೋಟೆಗೇ ಹೆಚ್ಚು ಬಿದ್ದು
ಹೂವಿಗೆ ನೆರಳಿನಷ್ಟೇ ಸೋಕುವಂತೆ.

ಕಲಿಸಿದ್ದು ದೆಜೋ,
ಟ್ರಾಮ್ ಡಿಪೋದ ಬ್ರೇಕ್ ಮೇಸ್ತ್ರಿ.
ಸೆಗೆದ್ ಊರಿನ ಎರಡನೇ ನಂಬರಿನ ಟ್ರಾಮು
ತಿರುವಿನಲ್ಲಿ ಕಿರುಚದೆ ಹೋದರೆ ಅದು ಅವನ ಪುಣ್ಯ.
ಮೊದಲ ದಿನ ಮೂಗುಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಬಂದ.
ದರೋಡೆ ಅಂದುಕೊಂಡೆ.
"ನಿನ್ನೆ ನೀವು ಒಂದು ಐರಿಸ್ ಹೂವನ್ನು ಕೊಂದಿರಿ"
ಅಂದ, ಲಕೋಟೆ ಮುಂದಿಟ್ಟು.

ಅವನಿಗೆ ಹೂ ಆಗಿಬರುವುದಿಲ್ಲ.
ಏಪ್ರಿಲಿಗೆ ಕಣ್ಣು, ಜೂನಿಗೆ ಮೂಗು,
ಆಗಸ್ಟಿನಲ್ಲಿ ಇಡೀ ಎದೆ.
ಮದುವೆಯ ದಿನ ಹೆಂಡತಿ ಹಿಡಿದದ್ದು ಕಾಗದದ ಹೂಗುಚ್ಛ,
ಅತ್ತೆ ಇನ್ನೂ ಕ್ಷಮಿಸಿಲ್ಲವಂತೆ.
ಅದಕ್ಕೇ ಈ ಚೀಟಿಯ ಹೂಗಳು:
ಪರಾಗವಿಲ್ಲ,
ಬೆನ್ನಿಗೊಂದಿಷ್ಟು ಗೋಂದು.

ಭಾನುವಾರ ಸೂಪಿನ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು.
ಕತ್ತರಿಸಿದ ಲಕೋಟೆ ಮೂಲೆಗಳನ್ನು ತೇಲಿಬಿಟ್ಟರೆ
ಹತ್ತು ನಿಮಿಷಕ್ಕೆ ಕಾಗದ ಕೈಬಿಡುತ್ತದೆ,
ಬಲ್ಗೇರಿಯದ ಗುಲಾಬಿ ಮೊದಲು,
ಕ್ಯೂಬಾದ ಆರ್ಕಿಡ್ ಸತಾಯಿಸಿ ಸತಾಯಿಸಿ ಕೊನೆಗೆ.
ಒಮ್ಮೆ ನನ್ನನ್ನೂ ಕರೆದಿದ್ದರು.
ಬೋರ್ಬಾಲಾ ಹಳೆಯ ಪತ್ರಿಕೆಯ ಮೇಲೆ
ಒಂದೊಂದನ್ನೇ ಬೋರಲು ಹಾಕುತ್ತಾ ಅಂದಳು:
"ಲೋಕದವರು ಹೂವಿಗೆ ನೀರು ಹಾಕುತ್ತಾರೆ,
ನಾವು ನೀರಿಗೆ ಹೂ ಹಾಕುತ್ತೇವೆ."

ಹೊಚ್ಚ ಹೊಸತನ್ನು ಅವನು ಮುಟ್ಟುವುದಿಲ್ಲ.
ಯಾರದೋ ನಾಲಿಗೆ ತಾಗಿರಬೇಕು,
ಬಾಕಿ ನೋಟೀಸನ್ನೋ ನಿಶ್ಚಿತಾರ್ಥದ ಸುದ್ದಿಯನ್ನೋ
ಒಂದು ಗಡಿಯಾದರೂ ದಾಟಿಸಿರಬೇಕು.
ಠಸ್ಸೆ ಇರಲಿ, ಗಾಯ ಬೇಡ.
ಇಷ್ಟೇ ಅವನ ಹಟ.

ಆಲ್ಬಮ್ಮಿನ ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕ,
ಕೆಳಗೆ ಪೆನ್ಸಿಲಿನಲ್ಲಿ: ಬೀಳುಹುಲ್ಲು.
ರೈಲುಹಳಿಯ ಪಕ್ಕ, ಸಮಾಧಿಗಳ ಬೇಲಿಗೆ, ಉಳದೆ ಬಿಟ್ಟ ನೆಲಕ್ಕೆ
ಕರೆಯದೆ ಬಂದು ನಿಲ್ಲುವ ಕಳೆ,
ಹೂವೆಂದರೆ ಒಂದಿಷ್ಟು ಹಸಿರು ಹೊಟ್ಟು.
ಯಾವ ದೇಶ ಅದನ್ನು ಅಚ್ಚು ಹಾಕೀತು?
"ಹಾಕಬೇಕು" ಅಂದ, ಕಣ್ಣೊರೆಸಿಕೊಂಡು.
"ಗುಲಾಬಿ ಯಾವತ್ತು ನನ್ನ ಮನೆ ಹುಡುಕಿಕೊಂಡು ಬಂದಿದೆ?
ಇದು ನಲವತ್ತಾರು ಆಗಸ್ಟು ತಪ್ಪಿಸಿಲ್ಲ,
ವಿಳಾಸವಿಲ್ಲದೆ, ಚೀಟಿಯಿಲ್ಲದೆ."

ಈಗ ಯಂತ್ರ ಬಂದಿದೆ.
ತೂಗುತ್ತದೆ, ಯೋಚಿಸುತ್ತದೆ, ಬಿಳಿ ಪಟ್ಟಿ ಉಗುಳುತ್ತದೆ.
ಗೆರೆಗಳು, ಅಂಕಿಗಳು. ತಪ್ಪಿಸಲು ಎಸಳಿಲ್ಲ.
ಮರದ ಹಿಡಿಯ ಠಸ್ಸೆಗಳನ್ನು ಶುಕ್ರವಾರ ಸಂಜೆಯೊಳಗೆ
ಎಣಿಸಿ ಒಪ್ಪಿಸತಕ್ಕದ್ದು ಎಂದು ಸುತ್ತೋಲೆ.

ಗುರುವಾರ ರಾತ್ರಿ
ಸ್ಟಾಂಪಿನ ಹಾಳೆಯಿಂದ ಅಂಚಿನ ಬಿಳಿ ತುಂಡು ಹರಿದುಕೊಂಡೆ,
ಹಲ್ಲು ಮುಕ್ಕಾಗದಂತೆ.
ಮಗನ ಪೆನ್ಸಿಲ್ ಡಬ್ಬಿ. ಮೂರು ಹಸಿರೂ ಸಾಲಲಿಲ್ಲ.
ಚಿತ್ರ ನನಗೆ ಬಾರದು, ಎಲೆ ಕ್ಯಾರೆಟ್ಟಿನ ಸೊಪ್ಪಿನ ಹಾಗಾಯಿತು
(ಆಮೇಲೆ ಗೊತ್ತಾಯಿತು, ಅದು ಇರುವುದೇ ಹಾಗೆ).
ಬೆಲೆ ಬರೆಯಬೇಕಾದಲ್ಲಿ ಬಹಳ ಹೊತ್ತು ಯೋಚಿಸಿ
ಏನೂ ಬರೆಯಲಿಲ್ಲ.

ಶುಕ್ರವಾರ ನಾಲ್ಕೂವರೆ.
ಲಕೋಟೆಯ ಮೇಲೆ ಅವನ ಹೆಸರು. ಶಾಯಿ ಕಮ್ಮಿ ಮಾಡಿ,
ಮೂಲೆಗೆ, ಎಸಳು ತಪ್ಪಿಸಿ,
ಎಸಳೇ ಇಲ್ಲದ್ದಕ್ಕೂ ಎಸಳು ತಪ್ಪಿಸಿ,
ನನ್ನ ಕೊನೆಯ ಠಸ್ಸೆ.

ದೆಜೋ ಕನ್ನಡಕ ಹಣೆಗೇರಿಸಿ
ಮೂಗಿನ ಹತ್ತಿರ ತಂದ.
ಫೆಬ್ರವರಿ. ಕಿಟಕಿ ಮುಚ್ಚಿತ್ತು.
ತಿಸಾ ಹೊಳೆಯ ಮೇಲೆ ಹಿಮದ ಹಲಗೆಗಳು
ಒಂದನ್ನೊಂದು ದೂಡಿಕೊಂಡು ಹೋಗುತ್ತಿದ್ದವು.
ಆದರೂ ಸೀನಿದ,
ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ.
ಎರಡನೆಯದು ಬರುವ ಮೊದಲೇ
ಕೈಯನ್ನು ಆದಷ್ಟು ಉದ್ದಕ್ಕೆ ಚಾಚಿ
ಲಕೋಟೆಯನ್ನು ತನ್ನಿಂದ ಕಾಪಾಡಿದ.